ಎರಡು ಎಡಗಳ ಸಾಹುಕಾರರಿಗೆ

ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯೊಂದರ ಗಲ್ಲಾದಲ್ಲಿ ವಿರಾಜಮಾನರಾಗಿರುವ ಸಾಹುಕಾರರಿಗೆ, ಸುಳ್ಯದ ಬಡ ಗಿರಾಕಿಯ ಸಾಷ್ಟಾಂಗ ನಮಸ್ಕಾರಗಳು.

ಉಭಯಕುಶಲೋಪರಿ. ತಾವು ಒಣಗಿದ ಜಾಗದಲ್ಲಿ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ಆಟಿ ತಿಂಗಳ ಮಳೆ. ನನ್ನ ಪ್ರೀಮಿಯರ್ ಪದ್ಮಿನಿಯ ಒಳಗೂ ಅದೇ ಮಳೆ.

ತಮಗೆ ನನ್ನ ನೆನಪಿರಲಿಕ್ಕಿಲ್ಲ. ರಾತ್ರಿ ಬಸ್ಸಿನಲ್ಲಿ ಸಂಪಾಜೆ ಘಾಟಿ ಹತ್ತಿ ಬಂದು, ತಾವು ಶಟರ್ ಎತ್ತುವ ಮೊದಲೇ ಬಾಗಿಲಲ್ಲಿ ನಿಂತಿದ್ದವ ನಾನು. ತಾವು ಊದುಬತ್ತಿ ಬೆಳಗಿ, ಕಾಫಿ ಕುಡಿದು, ಫೋನಿನಲ್ಲಿ ಯಾರದೋ ಮದುವೆ ಕುದುರಿಸುವ ತನಕ ಕಾದೆ. ಆಮೇಲೆ ಕೇಳಿದೆ: ಮುಂದಿನ ಬಾಗಿಲಿನ ತ್ರಿಕೋನ ಗಾಜಿನ ರಬ್ಬರ್ ಬೀಡಿಂಗ್, ಎಡದ್ದೊಂದು, ಬಲದ್ದೊಂದು.

“ಇನ್ನೂ ಇಟ್ಕೊಂಡಿದೀರಾ ಸಾರ್?” ಎಂದಿರಿ. ಬಾಂಬೆಯಲ್ಲಿ ಪದ್ಮಿನಿ ಟ್ಯಾಕ್ಸಿ ಓಡುತ್ತಿದ್ದ ಕಾಲದಲ್ಲಿ ಮಾಲು ಬರುತ್ತಿತ್ತು, 2023ರಲ್ಲಿ ಅವೂ ರಸ್ತೆಯಿಂದ ಹೋದವು, ಈಗ ಯಾರು ಅಚ್ಚು ಹಾಕುತ್ತಾರೆ ಎಂದು ಪಾಠವನ್ನೂ ಮಾಡಿದಿರಿ. ಅದು ಸರಿಯೇ. ಗಾಜಿನ ಚಿಲಕ ಇಲ್ಲ, ಪಿವಟ್‌ನ ಸ್ಪ್ರಿಂಗ್ ಇಲ್ಲ, ವಾಷರ್ ಇಲ್ಲ ಎಂದಿರಿ. ಅದಕ್ಕೂ ನನ್ನ ತಕರಾರಿಲ್ಲ. ಆದರೆ ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಸ್ಟೇಪ್ಲರ್ ಹೊಡೆದು, ಮೇಲೆ “ಜೋಡಿ” ಎಂದು ಮಾರ್ಕರಿನಲ್ಲಿ ಬರೆದು ಕೊಟ್ಟಿರಲ್ಲ, ಆ ಪ್ಯಾಕೆಟ್ಟಿನಲ್ಲಿ ಎರಡೂ ಎಡದ್ದೇ ಮಾರಾಯ್ರೆ!

ಫೋನ್ ಮಾಡಿದೆ. “ತಿರುಗಿಸಿ ಹಾಕಿ ಸಾರ್, ಕೂರುತ್ತೆ.”

ಕೂರುತ್ತದೆ. ಆಕಾರ ಕೂರುತ್ತದೆ, ಅದೇ ದೊಡ್ಡ ಮೋಸ. ಎ.ಸಿ. ಇಲ್ಲದ ಕಾರಿಗೆ ಈ ಗಾಜೇ ಗಾಳಿ ಯಂತ್ರ. ಮೇಲೊಂದು, ಕೆಳಗೊಂದು ಪಿವಟ್ ಮೇಲೆ ತಿರುಗುವಾಗ ಗಾಜಿನ ಮುಂಭಾಗ ಒಳಕ್ಕೆ, ಹಿಂಭಾಗ ಹೊರಕ್ಕೆ ಹೋಗುತ್ತದೆ. ಹಾಗಾಗಿ ರಬ್ಬರಿನ ಲಿಪ್ಪು ಮುಂದುಗಡೆ ಗಾಜಿನ ಹೊರಗಿರಬೇಕು, ಹಿಂದುಗಡೆ ಒಳಗಿರಬೇಕು. ತಿರುಗಿಸಿ ಹಾಕಿದರೆ ಎಲ್ಲ ಉಲ್ಟಾ: ಗಾಜು ತೆರೆಯುವ ಕಡೆಗೆ ರಬ್ಬರು ಅಡ್ಡ, ನೀರು ನುಗ್ಗುವ ಕಡೆಗೆ ದಾರಿ ಸಲೀಸು. ನಮ್ಮ ಗ್ಯಾರೇಜಿನವರು ನಿಮ್ಮ ಮಾತಿಗೆ ಮರ್ಯಾದೆ ಕೊಟ್ಟು, ರಿವಿಟ್ ಕೊರೆದು, ಫ್ರೇಮ್ ಬಿಚ್ಚಿ, ಸಾಬೂನು ನೀರು ಹಚ್ಚಿ ಕೂರಿಸಿಯೂ ನೋಡಿದರು. ಈಗ ನೀರು ಬಾಗಿಲೊಳಗೆ ಇಳಿದು ತಳದ ತಗಡು ತಿನ್ನುತ್ತಿದೆ, ಉಳಿದದ್ದು ನನ್ನ ಬಲ ಮೊಣಕಾಲಿಗೆ. ಅರವತ್ತು ಕಿಲೋಮೀಟರ್ ವೇಗ ದಾಟಿದರೆ ಸೀಟಿ ಬೇರೆ.

ನನ್ನ ಹೊಟ್ಟೆ ಉರಿಯಲು ಇನ್ನೊಂದು ಕಾರಣವಿದೆ. ಮನೆಯ ಹಿಂದಿನ ಗುಡ್ಡ ಪೂರ್ತಿ ರಬ್ಬರ್ ಮರ. 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರೂ ಲಂಕೆಯ ಪ್ರಧಾನಿ ಸಿರಿಮಾವೊ ಅವರೂ ಒಪ್ಪಂದ ಮಾಡಿಕೊಂಡ ಮೇಲೆ ಅಲ್ಲಿಂದ ಬಂದ ತಮಿಳರಿಗೆ ಕೆಲಸವಾಗಲಿ ಎಂದು ಸರ್ಕಾರವೇ ಇಲ್ಲಿ ರಬ್ಬರ್ ತೋಟ ಎಬ್ಬಿಸಿತು. ಅದೇ 1964ರಲ್ಲಿ ಬಾಂಬೆಯ ಕುರ್ಲಾದಲ್ಲಿ ಫಿಯೆಟ್ 1100 ಡಿಲೈಟ್ ಶುರುವಾಯಿತು, ಮುಂದೆ ಪದ್ಮಿನಿಯಾದದ್ದು ಅದೇ ಕಾರು. ಬೆಳಗಾದರೆ ನಮ್ಮಲ್ಲಿ ಹಾಲು ಇಳಿಸುತ್ತಾರೆ, ಶೀಟು ಮಾಡಿ ಒಣಗಿಸುತ್ತಾರೆ, ಲಾರಿಗೆ ತುಂಬುತ್ತಾರೆ. ಅಷ್ಟು ರಬ್ಬರಿನ ನಡುವೆ ಕುಳಿತು ಮೊಳ ಉದ್ದದ ಒಂದು ಬಲ ಬೀಡಿಂಗಿಗಾಗಿ ನಾನು ಬೆಂಗಳೂರಿಗೆ ಬರಬೇಕು, ಬಂದು ಎಡದ್ದು ತರಬೇಕು.

ವಾಪಸ್ ತಗೊಳ್ಳಿ ಎಂದರೆ “ಬಿಲ್ಲಿನ ಹಿಂದೆ ಓದಿ ಸಾರ್” ಎಂದಿರಿ. ತಿರುಗಿಸಿ ಓದಿದೆ. ಮಾರಿದ ಮಾಲು ಹಿಂಪಡೆಯುವುದಿಲ್ಲವಂತೆ. ನಿಮ್ಮಲ್ಲಿ ಎಲ್ಲವನ್ನೂ ತಿರುಗಿಸಬಹುದು, ಮಾಲು ಒಂದನ್ನು ಬಿಟ್ಟು!

ಸಾಕು ಸ್ವಾಮಿ, ತಮಾಷೆ ಸಾಕು. ಇಲ್ಲದ ಮಾಲನ್ನು ಇಲ್ಲ ಎನ್ನಲು ನಿಮಗೆ ಏನು ಕಷ್ಟ? ಎಡ ಮಾತ್ರ ಇದೆ ಅಂದಿದ್ದರೆ ಒಂದನ್ನೇ ಕೊಂಡು, ಒಂದು ದೋಸೆ ತಿಂದು, ಮುಂದಿನ ಅಂಗಡಿಗೆ ಹೋಗುತ್ತಿದ್ದೆ. ನಿಮಗೆ ಎಡ-ಬಲ ಗೊತ್ತಿಲ್ಲ ಎಂದು ನಾನು ನಂಬುವುದಿಲ್ಲ. ಚಿಲ್ಲರೆ ಎಣಿಸುವಾಗ ನಿಮ್ಮ ಎರಡೂ ಕೈ ಸರಿಯಾಗಿ ಕೆಲಸ ಮಾಡುತ್ತಿದ್ದವು.

ದುಡ್ಡು ಬೇಡ, ಕ್ಷಮೆಯೂ ಬೇಡ. ಒಂದು ವಿಳಾಸ ಸಾಕು. ನನಗೆ ಎರಡು ಎಡ ಕೊಟ್ಟಿದ್ದೀರಿ ಎಂದರೆ ಎರಡು ಬಲ ಹೊತ್ತುಕೊಂಡು ಹೋದ ಪುಣ್ಯಾತ್ಮ ಎಲ್ಲೋ ಇರಲೇಬೇಕು. ಹಾಸನವೋ, ಹುಬ್ಬಳ್ಳಿಯೋ, ಎಲ್ಲಿದ್ದರೂ ಸರಿ, ಅವರ ಊರು ತಿಳಿಸಿ. ನಾವು ನಾವೇ ಬದಲಾಯಿಸಿಕೊಳ್ಳುತ್ತೇವೆ. ಬಸ್ ಚಾರ್ಜು ನನ್ನದು.

ಇಂತಿ ತಮ್ಮ,
ಬಲ ಮೊಣಕಾಲು ಒದ್ದೆಯಾದ ಗಿರಾಕಿ

ತಾ.ಕ.: ಅವರಿಗೂ “ತಿರುಗಿಸಿ ಹಾಕಿ” ಎಂದು ಹೇಳಿದ್ದರೆ, ಬೇಗ ಫೋನ್ ಮಾಡಿ ತಡೆಯಿರಿ.