ಸಿ.ಎಂ. ಅಂದ್ರ ಒಂಬೈನೂರು

ಬೈಲಹೊಂಗಲದ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ರಾಜಕೀಯ ಮಾತಾಡುವವರು ಮೊದಲು ಸುತ್ತಮುತ್ತ ನೋಡಿಕೊಳ್ಳುತ್ತಾರೆ. ಪೊಲೀಸರ ಭಯಕ್ಕಲ್ಲ, ಮಾಸ್ತರರ ಭಯಕ್ಕೆ. "ಈ ಸಲ ಸಿ.ಎಂ. ಬದಲಾಗ್ತಾರಂತ" ಎಂದು ಯಾರಾದರೂ ಬಾಯಿ ತೆರೆದರೆ ಸಾಕು, ಮೂಲೆಯ ಬಾಕಿನಿಂದ ಉತ್ತರ ಬರುತ್ತದೆ: "ಸಿ.ಎಂ. ಅಂದ್ರ ಒಂಬೈನೂರು. ಎರಡ ಸಾವಿರ ವರ್ಷದಿಂದ ಒಂಬೈನೂರ ಐತಿ. ಹೆಂಗ ಬದಲಾಕ್ಕೈತಿ?"

ಸವದತ್ತಿ ತಾಲೂಕಿನ ಕನ್ನಡ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದ ಈ ಹಿರಿಯರಿಗೆ ಊರು ಇಟ್ಟ ಹೆಸರು ರೋಮನ್ ಮಾಸ್ತರು. ಮಗ್ಗಿ ಕಲಿಸಿದ ಮಾಸ್ತರರು ಊರಿಗೆ ಹತ್ತು ಮಂದಿ ಸಿಗುತ್ತಾರೆ. ಇವರು ಹಿಡಿದದ್ದು ರೋಮನ್ ಅಂಕಿ. ಏಳೇ ಅಕ್ಷರ: ಐ ಒಂದು, ವಿ ಐದು, ಎಕ್ಸ್ ಹತ್ತು, ಎಲ್ ಐವತ್ತು, ಸಿ ನೂರು, ಡಿ ಐನೂರು, ಎಂ ಸಾವಿರ. ಆಗೆಲ್ಲ ನಮ್ಮ ಕಡೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಇಯತ್ತೆಗೆ. ಹಾಗಾಗಿ ಅವರ ಹುಡುಗರಿಗೆ 'ಎಕ್ಸ್' ಅಕ್ಷರವೆಂದು ಗೊತ್ತಾಗುವ ಮೊದಲೇ ಅದು ಹತ್ತೆಂದು ಗೊತ್ತಾಗಿರುತ್ತಿತ್ತು.

ಕೂಡುವ ಕಳೆಯುವ ನಿಯಮವನ್ನು ಅವರು ಪುಸ್ತಕ ನೋಡಿ ಹೇಳಿದವರೇ ಅಲ್ಲ. "ಸಣ್ಣಾಂವ ದೊಡ್ಡಾಂವನ ಹಿಂದ ಬಂದ್ರ ದೊಡ್ಡಾಂವನ ಬೆಲಿ ಏರತೈತಿ. ಮುಂದ ಹೋಗಿ ನಿಂತ್ರ ಇಳಿತೈತಿ. ಎಕ್ಸ್ ಹಿಂದ ಐ ಬಂದ್ರ ಹನ್ನೊಂದು, ಮುಂದ ನಿಂತ್ರ ಒಂಬತ್ತು. ನಿಮ್ಮ ಓಣ್ಯಾಗ ನೋಡ್ರಿ, ಹಿಂಗ ಇರತೈತಿ." ಯಾರು ಬೇಕಾದರೂ ಯಾರ ಮುಂದೆ ಬೇಕಾದರೂ ನಿಲ್ಲುವಂತಿಲ್ಲ ಎನ್ನುವುದು ಮುಂದಿನ ಪಾಠ. ಐ ನಿಲ್ಲುವುದಿದ್ದರೆ ವಿ, ಎಕ್ಸ್ ಮುಂದೆ ಮಾತ್ರ. ಸಿ ಮುಂದೆ ನಿಲ್ಲುವ ಯೋಗ್ಯತೆ ಅದಕ್ಕಿಲ್ಲ.

ಇದರಿಂದ ಮೊದಲು ಪೆಟ್ಟು ತಿಂದವನು ಒಬ್ಬ ವಿಮಾ ಏಜೆಂಟ. ಪಾಲಿಸಿ ಮಾಡಿಸಲು ಬಂದವನಿಗೆ ಮಾಸ್ತರರು ಅರ್ಧ ತಾಸು ತಿಳಿಹೇಳಿದರು: "ಎಲ್‌ಐಸಿ ಅನ್ನೂದು ತಪ್ಪ ಬರದಾರಪಾ. ಸಿ ಮುಂದ ಐ ಬರಂಗಿಲ್ಲ. ತಿದ್ದಿಸ್ಕೊಂಡ ಬಾ, ಸಹಿ ಮಾಡ್ತೀನಿ." ಅವನು ಮತ್ತೆ ಬರಲಿಲ್ಲ.

ಚಹಾದಂಗಡಿಯಲ್ಲಿ ಈ ವಿದ್ಯೆಗೆ ಅವರು ಊಹಿಸದಷ್ಟು ಗಿರಾಕಿಗಳಿದ್ದಾರೆ. ಡಿ.ಸಿ. ಎಂದರೆ ಆರ್ನೂರು, ಡಿಸಿಸಿ ಬ್ಯಾಂಕ್ ಎಂದರೆ ಏಳ್ನೂರು. ಬೆಳಗಾವಿ ಜಿಲ್ಲೆಯ ರಾಜಕೀಯ ಬಲ್ಲವರು ಯಾರೂ ಈ ಲೆಕ್ಕಕ್ಕೆ ತಕರಾರು ಮಾಡುವುದಿಲ್ಲ. "ಹಂಗಾರ ಡಿಸಿಎಂ ಎಷ್ಟ್ರಿ ಸರ?" ಎಂದು ಒಬ್ಬ ಕೇಳಿದ. ಮಾಸ್ತರರು ಬಸಿಯಲ್ಲಿದ್ದ ಚಹಾ ಮುಗಿಸಿ ತೀರ್ಪು ಕೊಟ್ಟರು: "ಐನೂರು ಬರದು ಅದರ ಬಾಜೂಕ ಒಂಬೈನೂರು ಬರೀತಾರೇನು? ಅದು ಅಂಕೀನ ಅಲ್ಲ. ರೋಮಿನ್ಯಾಗೂ ಇಲ್ಲ, ನಮ್ಮ ಸಂವಿಧಾನದಾಗೂ ಇಲ್ಲ."

ರೋಮನ್ನರಿಗೆ ಸೊನ್ನೆ ಇರಲಿಲ್ಲವೆಂಬುದನ್ನು ಮಾಸ್ತರರು ಪರೀಕ್ಷೆಯಲ್ಲೂ ಪಾಲಿಸಿದವರು. ದಡ್ಡ ಹುಡುಗರ ಪ್ರಗತಿ ಪತ್ರದಲ್ಲಿ ಗಣಿತದ ಮನೆಯನ್ನು ಖಾಲಿ ಬಿಡುತ್ತಿದ್ದರು. ಹುಡುಗರು ತಾವೇ ಅಲ್ಲೊಂದು ಎಲ್ ಬರೆದುಕೊಂಡು ಅಪ್ಪನ ಸಹಿ ಹಾಕಿಸಿಕೊಂಡು ಬರುತ್ತಿದ್ದರು.

ಮಗಳ ಲಗ್ನದ ಕಾರ್ಡಿನಲ್ಲಿ ತಾರೀಖನ್ನು ರೋಮನ್ ಅಂಕಿಯಲ್ಲಿ ಅಚ್ಚು ಹಾಕಿಸಿದ್ದು ಮಾತ್ರ ತುಟ್ಟಿಯಾಯಿತು. ಲಗ್ನ ಇದ್ದದ್ದು ಹನ್ನೊಂದಕ್ಕೆ. ರಾಮದುರ್ಗದ ಬೀಗರ ಕಡೆಯ ಒಂದು ಟಂಟಂ ಮಂದಿ ಒಂಬತ್ತಕ್ಕೇ ಬಂದಿಳಿದರು. ಹಂದರ ಇನ್ನೂ ಹಾಕಿರಲಿಲ್ಲ. ಐ ಎಲ್ಲಿದೆ, ಎಕ್ಸ್ ಎಲ್ಲಿದೆ ಎಂದು ಮಾಸ್ತರರು ಕಾರ್ಡಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರೆ, ಗುಂಪಿನ ಹಿರಿಯರೊಬ್ಬರು ಪಟಗಾ ಬಿಚ್ಚಿ ಗೂಟಕ್ಕೆ ಹಾಕಿ, "ಹಿಂದ ಮುಂದ ನಮಗೇನ ತಿಳಿತೈತ್ರಿ ಬೀಗ್ರ, ಮೊದಲ ಊಟಕ್ಕ ಹಾಕ್ರಿ" ಎಂದರು. ಎರಡು ದಿನದ ರೊಟ್ಟಿ ಬಡಿದವರು ಮಾಸ್ತರರ ಮನೆಯವರು. ಅವರು ಈ ಲೆಕ್ಕವನ್ನು ಇನ್ನೂ ಮುಗಿಸಿಲ್ಲ.

ಮುಗಿಸದಿರುವ ಇನ್ನೊಂದು ಲೆಕ್ಕ ಬಾಗಿಲ ಮೇಲಿನ ಕಲ್ಲಿನದು. ಮನೆ ಕಟ್ಟಿಸಿದ್ದು 1988ರಲ್ಲಿ. ಅದನ್ನು ರೋಮನ್ನಿನಲ್ಲಿ ಬರೆಯಲು ಹನ್ನೊಂದು ಅಕ್ಷರ ಬೇಕು: ಎಂ ಸಿ ಎಂ ಎಲ್, ಮೂರು ಎಕ್ಸ್, ಒಂದು ವಿ, ಮೂರು ಐ. ಕಲ್ಲು ಕೆತ್ತುವವನು ಅಕ್ಷರಕ್ಕೆ ಇಷ್ಟೆಂದು ರೊಕ್ಕ ಹೇಳಿದ್ದ. ಹತ್ತು ಕೆತ್ತುವಷ್ಟರಲ್ಲಿ ಕಲ್ಲಿನಲ್ಲಿ ಜಾಗ ಮುಗಿಯಿತು. "ಒಂದ ಗೀಟಿಗೆ ಏನಾಕ್ಕೈತ್ರಿ ಸರ" ಎಂದ. ಆ ಒಂದು ಗೀಟಿಗೆ ಮನೆ ಬುನಾದಿಗಿಂತ ಮೊದಲೇ ಹುಟ್ಟಿದಂತಾಯಿತು. "ಇವ್ರು ಎರಡ ವರ್ಷ ತಡದು 1990ಕ್ಕ ಕಟ್ಟಿಸಿದ್ರ ಐದ ಅಕ್ಷರದಾಗ ಮುಗೀತಿತ್ತು. 2000ದ ತನಕ ತಡದಿದ್ರ ಎರಡ ಎಂ ಸಾಕಿತ್ತು" ಎನ್ನುತ್ತಾರೆ ಮನೆಯವರು. ಮಾಸ್ತರರ ಶಿಷ್ಯಕೋಟಿಯಲ್ಲಿ ಇಷ್ಟು ಖಡಕ್ಕಾಗಿ ಕಲಿತವರು ಅವರೊಬ್ಬರೇ.

ಅಕ್ಟೋಬರ್ 23ಕ್ಕೆ ಕಿತ್ತೂರು ಉತ್ಸವ. ಒಂದು ವರ್ಷ ಅಲ್ಲಿಗೆ ಹೋದ ಮಾಸ್ತರರ ಜೊತೆ ನಾನೂ ಇದ್ದೆ. ಕೋಟೆಯೊಳಗೆ ಶಾಲೆಯ ಹುಡುಗರ ಹಿಂಡು ಕಂಡದ್ದೇ ಮಾಸ್ತರರ ಮುಖ ಅರಳಿತು. ಚೆನ್ನಮ್ಮನ ದಂಡು ಕಂಪನಿಯ ದಂಡನ್ನು ಸೋಲಿಸಿದ, ಅಮಟೂರ ಬಾಳಪ್ಪನ ಗುಂಡಿಗೆ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದ ವರ್ಷ ಯಾವುದು? "1824!" ಎಂದು ಹುಡುಗರು ಒಟ್ಟಿಗೆ ಕೂಗಿದರು. "ರೋಮನ್ನಿನ್ಯಾಗ ಹೇಳ್ರಿ." ಕೋಟೆ ಗಪ್ಪಾಯಿತು. ಕಡೆಗೆ ತಾವೇ ಬೆರಳು ಮಡಚುತ್ತ ಎಂ, ಡಿ, ಸಿ, ಸಿ, ಸಿ ಎಂದು ಶುರುಮಾಡಿದರು. ಎಕ್ಸ್‌ಗೆ ಬರುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಅಂದ:

"ಅಮಟೂರ ಬಾಳಪ್ಪ ಹಿಂಗ ಎಣಿಸ್ಕೋತ ನಿಂತಿದ್ರ ಥ್ಯಾಕರೆ ಧಾರವಾಡ ಮುಟ್ಟತಿದ್ನ್ರಿ ಸರ."

ಮಾಸ್ತರರು ಆ ಹುಡುಗನಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದರು. ಅವನು ತಿನ್ನುತ್ತಿರುವಾಗ ಎಷ್ಟು ಮಿರ್ಚಿ ತಿಂದೆ ಎಂದು ಕೇಳಿದರು. ಹುಡುಗ "ನಾಕು" ಎಂದ. ಮಾಸ್ತರರು ಸುಮ್ಮನೆ ಅವನ ಮುಖ ನೋಡುತ್ತ ನಿಂತರು. ಅವನು ಐದನೆಯದಕ್ಕೆ ಕೈ ಹಾಕಲಿಲ್ಲ.

ಬೈಲಹೊಂಗಲಕ್ಕೆ ಬಂದವರು ರಾಣಿ ಚೆನ್ನಮ್ಮನ ಸಮಾಧಿ ನೋಡಿಕೊಂಡು ಹೋಗಿ. ದಾರಿಯಲ್ಲಿ ಬಾಗಿಲ ಮೇಲೆ ಹತ್ತು ಅಕ್ಷರದ ಕಲ್ಲಿರುವ ಮನೆ ಕಂಡರೆ ನಿಂತು ಓದಬೇಡಿ. ಕಟ್ಟೆಯ ಮೇಲೆ ಕೂತವರು ನಿಮ್ಮ ತುಟಿ ಅಲ್ಲಾಡುವುದನ್ನೇ ಕಾಯುತ್ತಿರುತ್ತಾರೆ.