ದಾರಿ ಯಾರಿಗೆ ಗೊತ್ತು?

ಫಾರಿನ್ ಟೂರ್ ಹೊರಡುವ ನಮ್ಮವರ ಪಟ್ಟಿಯಲ್ಲಿ ಇರುವೆ ನುಸುಳಲೂ ಜಾಗ ಇರುವುದಿಲ್ಲ. ಏಳಕ್ಕೆ ತಿಂಡಿ, ಎಂಟಕ್ಕೆ ಅರಮನೆ, ಹತ್ತಕ್ಕೆ ಮಸೀದಿ, ನಡುವೆ ಫೋಟೋ. ಇಸ್ತಾಂಬುಲ್‌ಗೆ ಹೋದಾಗ ನನ್ನ ಪಟ್ಟಿಯೂ ಹಾಗೇ ಇತ್ತು. ಒಂದು ಸಂಜೆಯ ಎದುರು ಮಾತ್ರ ‘ವಿಶ್ರಾಂತಿ’ ಎಂದಿತ್ತು. ಊರಲ್ಲೇ ಉಳಿದಿದ್ದ ಹೆಂಡತಿಯ ಕೈಬರಹ. ಮೀರುವ ಉದ್ದೇಶ ಖಂಡಿತ ಇರಲಿಲ್ಲ.

ಸಿರ್ಕೆಜಿಯ ಲಾಡ್ಜಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಶ್ರದ್ಧೆಯಿಂದ ವಿಶ್ರಮಿಸುತ್ತಿದ್ದೆ. ಬೆಳಗಿನ ತಿಂಡಿಯಲ್ಲಿ ಪರಿಚಯವಾಗಿದ್ದ ಮೂವರು ಇಳಿದು ಬಂದರು. ಅಂಕಾರಾದಿಂದ ಬಂದ ಹುಡುಗ, ಪೋರ್ಚುಗಲ್ಲಿನ ನಿವೃತ್ತ ಟೀಚರಮ್ಮ, ಮಾತಿಗಿಂತ ನಗುವೇ ಜಾಸ್ತಿಯಿದ್ದ ಕೊರಿಯಾದ ಹುಡುಗಿ. “ಒಂದು ಸುತ್ತು ಹೋಗೋಣವೇ?” ಎಂದು ಯಾರೋ ಅಂದರು. ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ.

ಗಲಾಟಾ ಸೇತುವೆಯ ಮೇಲೆ ಗಾಳ ಹಾಕಿ ನಿಂತವರ ಸಾಲು ನೋಡುತ್ತ ನಡೆದೆವು. ಮೇಲೆ ಇವರು ಮೀನಿಗೆ ಕಾಯುತ್ತಾರೆ, ಅದೇ ಸೇತುವೆಯ ಕೆಳ ಅಂತಸ್ತಿನ ಹೋಟೆಲುಗಳಲ್ಲಿ ಜನ ಮೀನು ತಿನ್ನುತ್ತಿರುತ್ತಾರೆ. ಮೀನುಗಳ ಪಾಲಿಗೆ ಯಾವ ಅಂತಸ್ತೂ ಕ್ಷೇಮವಲ್ಲ. ಹಾಗೇ ಹೊರಳಿ ಎಮಿನೋನು ಧಕ್ಕೆಗೆ ಬಂದರೆ ಕಾದಿಕೋಯ್‌ಗೆ ಹೋಗುವ ಫೆರಿ ನಿಂತಿತ್ತು. ಜನ ಹತ್ತುತ್ತಿದ್ದರು, ನಾವೂ ಹತ್ತಿದೆವು. ಇಪ್ಪತ್ತು ನಿಮಿಷದಲ್ಲಿ ಯುರೋಪಿನಿಂದ ಏಷ್ಯಾಕ್ಕೆ. ವೀಸಾಕ್ಕಾಗಿ ತಿಂಗಳುಗಟ್ಟಲೆ ಅಲೆದವನಿಗೆ ಖಂಡವೊಂದನ್ನು ಇಷ್ಟು ಅಗ್ಗಕ್ಕೆ ದಾಟುವುದು ಸ್ವಲ್ಪ ಅವಮಾನವೆನಿಸುತ್ತದೆ.

ಡೆಕ್ಕಿನಲ್ಲಿ ಚಹಾ ಬಂತು, ಸಣ್ಣ ನಡುವಿನ ಗಾಜಿನ ಲೋಟದಲ್ಲಿ. ಹಾಲಿಲ್ಲ. ತುರ್ಕರದು ಎರಡಂತಸ್ತಿನ ಕೆಟಲ್: ಕೆಳಗೆ ನೀರು ಕುದಿಯುತ್ತದೆ, ಮೇಲೆ ಡಿಕಾಕ್ಷನ್ ಇಳಿಯುತ್ತದೆ, ಬೇಕಾದಷ್ಟು ಬೆರೆಸಿ ಕೊಡುತ್ತಾರೆ. ಇಷ್ಟು ದೂರ ಸರಿಯಾಗಿ ಬಂದವರು ಹಾಲಿನ ಹತ್ತಿರ ಯಾಕೆ ನಿಂತುಬಿಟ್ಟರೋ! ಟೀಚರಮ್ಮ ಎಳ್ಳು ಮೆತ್ತಿದ ಸಿಮಿತ್ ಎಂಬ ಬ್ರೆಡ್ಡಿನ ಬಳೆಯನ್ನು ಮುರಿದು ಗಾಳಿಗೆಸೆಯುತ್ತಿದ್ದರು, ಕಡಲಹಕ್ಕಿಗಳು ಹಾರುತ್ತಲೇ ಕಚ್ಚಿಕೊಳ್ಳುತ್ತಿದ್ದವು. ಕಾದಿಕೋಯ್ ಇರುವಲ್ಲಿ ಹಿಂದೆ ಕಾಲ್ಸೆಡಾನ್ ಎಂಬ ಗ್ರೀಕ್ ಊರಿತ್ತಂತೆ. ಎದುರು ದಡದ ಬೈಜಾಂಟಿಯಮ್ಮಿಗಿಂತ 17 ವರ್ಷ ಮೊದಲೇ ನೆಲೆಸಿದ ಅವರಿಗೆ ಆ ಚೆಂದದ ಜಾಗ ಕಾಣಲೇ ಇಲ್ಲವಲ್ಲ, ಕುರುಡರೇ ಇರಬೇಕು ಎಂದು ಪರ್ಷಿಯಾದ ಸೇನಾಪತಿ ಮೆಗಾಬಜಸ್ ಹೀಯಾಳಿಸಿದ್ದನ್ನು ಹೆರೊಡೊಟಸ್ ಬರೆದಿಟ್ಟಿದ್ದಾನೆ. ನನಗೇನೋ ಕಾಲ್ಸೆಡಾನಿನವರೇ ಜಾಣರು ಅನ್ನಿಸಿತು. ಚೆಂದದ ಊರನ್ನು ನೋಡಬೇಕಾದರೆ ಅದರ ಎದುರು ದಡದಲ್ಲಲ್ಲವೇ ಮನೆ ಮಾಡಬೇಕು?

ಇಳಿದು ಸಂದಣಿಯ ಜೊತೆ ಏರು ಹತ್ತಿದರೆ ನಾಲ್ಕಾರು ದಾರಿ ಕೂಡುವಲ್ಲಿ ಕಂಚಿನ ಹೋರಿ. ಕೈ ತಾನಾಗಿ ಹಣೆಗೆ ಹೋಯಿತು. ಆದರೆ ಇದು ನಮ್ಮ ಬಸವನಗುಡಿಯ ಬಸವಣ್ಣನಂತೆ ಮಂಡಿ ಮಡಚಿ ಕೂತಿದ್ದಲ್ಲ, ಕೊಂಬು ತಗ್ಗಿಸಿ ಗುದ್ದಲು ನಿಂತದ್ದು. ಸುತ್ತ ಕಾದು ನಿಂತ ಪಡ್ಡೆ ಹುಡುಗ ಹುಡುಗಿಯರಿಗೆ ಅದರ ಹೆದರಿಕೆಯೇನೂ ಇರಲಿಲ್ಲ.

ಹಸಿವಾಯಿತು. ಉಳಿದವರು ಅನ್ನ ತುಂಬಿದ ಮರುವಾಯಿ ಗಾಡಿಗೆ ಮುತ್ತಿದರು. ಗಾಡಿಯವನು ಚಿಪ್ಪು ಬಿಡಿಸಿ, ನಿಂಬೆ ಹಿಂಡಿ, ಸಾಕು ಅನ್ನುವವರೆಗೂ ಕೊಡುತ್ತಲೇ ಇರುತ್ತಾನೆ. ಲೆಕ್ಕ ಕೊನೆಗೆ ಖಾಲಿ ಚಿಪ್ಪಿನದು. ಸಸ್ಯಾಹಾರಿಯಾದ ನಾನು ಪಕ್ಕದಲ್ಲಿ ಸುಟ್ಟ ಜೋಳದ ತೆನೆ ಕೊಂಡೆ. ಬರೀ ಉಪ್ಪು! ತಡೆಯಲಾಗದೆ ಮರುವಾಯಿಯವನ ಬಳಿ ಕೈಸನ್ನೆಯಲ್ಲೇ ನಿಂಬೆಹೋಳು ಬೇಡಿದೆ. ಬ್ಯಾಗಿನಲ್ಲಿ ಚಟ್ನಿಪುಡಿ ಇತ್ತು, ಕನ್ನಡಿಗನ ಬ್ಯಾಗಲ್ಲವೇ. ಎರಡನ್ನೂ ತೆನೆಗೆ ತಿಕ್ಕಿ ಕೊರಿಯಾದ ಹುಡುಗಿಗೆ ಕೊಟ್ಟೆ. ಕಣ್ಣಲ್ಲಿ ನೀರು ಸುರಿಸುತ್ತಲೇ ಪೂರ್ತಿ ತೆನೆ ಮುಗಿಸಿದಳು. ಜೋಳದವನು ನನ್ನನ್ನು ನೋಡಿದ ನೋಟದಲ್ಲಿ ಸ್ನೇಹವಿರಲಿಲ್ಲ.

ಮೋದಾದ ಕಡಲಂಚಿನಲ್ಲಿ ಬಂಡೆಗಳ ಮೇಲೆ ಊರಿಗೆ ಊರೇ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿತ್ತು. ನಾವೂ ಕೂತೆವು. ಟೀಚರಮ್ಮ ಮೊಮ್ಮಗನ ತಂಟೆ ಹೇಳಿದರು, ಹುಡುಗ ಮುರಿದುಬಿದ್ದ ನಿಶ್ಚಿತಾರ್ಥದ ಕತೆ ಹೇಳಿದ. ಹೊಸ ಸ್ನೇಹಿತರ ಸುಖವೇ ಅದು: ನಡುವೆ ಬಾಯಿ ಹಾಕಿ “ಇದನ್ನ ಹೋದ ಸಲವೇ ಹೇಳಿದ್ದೆ” ಎನ್ನುವವರಿರುವುದಿಲ್ಲ. ನನ್ನ ಹಳೆಯ ಜೋಕುಗಳೆಲ್ಲ ಅಲ್ಲಿ ಹೊಚ್ಚಹೊಸದಾಗಿ ಚಲಾವಣೆಯಾದವು.

ಹೊತ್ತು ಮೀರಿತ್ತು. ಧಕ್ಕೆಗೆ ಹೋಗದೆ, ಸಮುದ್ರದಡಿಯ ಸುರಂಗದಲ್ಲಿ ಓಡುವ ಮರ್ಮರಾಯ್ ರೈಲು ಹಿಡಿದೆವು. 2013ರಲ್ಲಿ ಶುರುವಾದದ್ದು, ನೇರ ಸಿರ್ಕೆಜಿಗೇ ಬಿಡುತ್ತದೆ. ಸೀಟು ಸಿಕ್ಕಿತು. ಹುಡುಗನಿಗೆ ಕೃತಜ್ಞತೆ ಹೇಳಿದೆ: “ನೀನಿಲ್ಲದಿದ್ದರೆ ಈ ಊರಿನಲ್ಲಿ ನಮಗೆ ದಾರಿ ತೋರಿಸುವವರು ಯಾರಿದ್ದರು?”

ಅವನು ಗಾಬರಿಯಾದ. “ನಾನೂ ಇಸ್ತಾಂಬುಲ್‌ಗೆ ಇದೇ ಮೊದಲು, ಅಣ್ಣಾ. ನೀವೇ ಮುಂದೆ ಬಿರಬಿರನೆ ಹೋಗ್ತಿದ್ರಿ. ದಾರಿ ಗೊತ್ತಿರಬೇಕು ಅಂತ ನಾವು ಮೂವರೂ ಹಿಂದೆ ಬಂದ್ವಿ.”

ಮೆಜೆಸ್ಟಿಕ್‌ನಲ್ಲಿ ಮೂವತ್ತು ವರ್ಷ ಬಸ್ಸು ಹಿಡಿದವನ ನಡಿಗೆಯೇ ಹಾಗೆ ಎಂದು ಅವನಿಗೆ ಹೇಗೆ ವಿವರಿಸಲಿ?