ಚಾಕು ಕೊಳ್ಳುವ ಶೂರರು

ಚಾರಣಕ್ಕೆ ಹೊರಟ ಬೆಂಗಳೂರಿಗನಿಗೆ ಎಲ್ಲಕ್ಕಿಂತ ಮೊದಲು ಒಂದು ಚಾಕು ಬೇಕು. ದಾರಿಯಲ್ಲಿ ಎದುರಾಗುವ ಶತ್ರುಗಳೆಂದರೆ ಸೌತೆಕಾಯಿ, ಚಿಪ್ಸ್ ಪೊಟ್ಟಣ ಮತ್ತು ಬಿಚ್ಚಲು ಬಾರದ ನೈಲಾನ್ ಗಂಟು. ಆದರೂ ಅವನ ಕಣ್ಣು ಹೋಗುವುದು ಬೆನ್ನಿಗೆ ಗರಗಸದ ಹಲ್ಲು, ಹಿಡಿಯೊಳಗೆ ಬೆಂಕಿಕಡ್ಡಿ, ತುದಿಗೆ ದಿಕ್ಸೂಚಿ ಇರುವ ಮಹಾಯುಧದ ಕಡೆಗೇ. 1982ರ ‘ಫಸ್ಟ್ ಬ್ಲಡ್’ ಸಿನಿಮಾದಲ್ಲಿ ರ‍್ಯಾಂಬೋ ಝಳಪಿಸಿದ್ದು ಅಂಥದ್ದನ್ನೇ. ಅದನ್ನು ಮಾಡಿದ ಅಮೆರಿಕದ ಜಿಮ್ಮಿ ಲೈಲ್ ಪಳಗಿದ ಕೈ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವುದು ನಕಲಿನ ನಕಲು. ಟೊಳ್ಳು ಹಿಡಿಯೊಳಗೆ ಅಲಗಿನ ಉಕ್ಕು ಆಳಕ್ಕೆ ಇಳಿದಿರುವುದಿಲ್ಲ. ಒಣಕಟ್ಟಿಗೆಗೆ ನಾಲ್ಕೇಟು ಹಾಕಿದರೆ ಅಲಗು ಕಟ್ಟಿಗೆಯಲ್ಲಿ, ಹಿಡಿ ಕೈಯಲ್ಲಿ, ದಿಕ್ಸೂಚಿ ಪೊದೆಯಲ್ಲಿ!

ಮಲೆನಾಡಿನ ತೋಟದವನಿಗೆ ಈ ತಾಪತ್ರಯವಿಲ್ಲ. ಸೊಂಟದ ಹಿಂದಿನ ಕೊಕ್ಕೆಗೆ ಕತ್ತಿ ಸಿಕ್ಕಿಸಿದನೆಂದರೆ ಹೊರಟಂತೆಯೇ. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯನ್ನು ಊರ ಕುಲುಮೆಯಲ್ಲಿ ಬಡಿಸಿ ಮಾಡಿಸಿದ್ದು ಅದು. ಬಾಗಿದ ಮೂತಿ ಬಳ್ಳಿಯನ್ನು ಹತ್ತಿರಕ್ಕೆ ಎಳೆಯುತ್ತದೆ, ನಡುಭಾಗ ಎಳನೀರು ಕೆತ್ತುತ್ತದೆ, ಹಿಂಬದಿ ಬೇಲಿಗೂಟಕ್ಕೆ ಸುತ್ತಿಗೆಯಾಗುತ್ತದೆ. ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ನಿಜ. ಒರೆಸಿ ಎಣ್ಣೆ ಸವರಿದರಾಯಿತು. ಕಾರ್ಬನ್ ಉಕ್ಕಿನ ಸ್ವಭಾವವೇ ಅದು: ತುಕ್ಕೂ ಬೇಗ, ಮಸೆದರೆ ಹರಿತವೂ ಬೇಗ. ಒರೆಸಿಡುವ ಅಭ್ಯಾಸವೇ ಇಲ್ಲದ ಪುಣ್ಯಾತ್ಮರಿಗೆ ಸ್ಟೇನ್‌ಲೆಸ್ ವಾಸಿ.

ಜೇಬಿಗಾದರೆ ಸ್ವಿಸ್ ಚಾಕುವಿದೆ. ಸ್ವಿಸ್ ಸೈನ್ಯದ ಸಿಪಾಯಿಯ ಚಾಕುವಿನಲ್ಲಿ ಡಬ್ಬಿ ತೆರೆಯುವ ಸಾಧನ, ಬಂದೂಕು ಬಿಚ್ಚಲು ಸ್ಕ್ರೂಡ್ರೈವರ್ ಇದ್ದವು. 1897ರಲ್ಲಿ ಚಾಕು ತಯಾರಕ ಕಾರ್ಲ್ ಎಲ್ಸೆನರ್ ಅಧಿಕಾರಿಗಳಿಗೆಂದು ರೂಪಿಸಿದ ಚಾಕುವಿಗೆ ವೈನ್ ಬಾಟಲಿಯ ಬಿರಡೆ ಕೀಳುವ ತಿರುಪು ಸೇರಿತು. ಯುದ್ಧದಲ್ಲಿ ಯಾರಿಗೆ ಏನು ಕೆಲಸವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸೈನ್ಯ ಮಾತ್ರ ಅದನ್ನು ಹಂಚಲಿಲ್ಲ, ಅಧಿಕಾರಿಗಳು ಸ್ವಂತ ದುಡ್ಡಲ್ಲೇ ಕೊಂಡರು. ಹಣ್ಣು, ದಾರ, ಪಾರ್ಸೆಲ್, ಸಡಿಲಾದ ಸ್ಕ್ರೂ ಎಲ್ಲಕ್ಕೂ ಅದು ಸಾಕು. ಕಟ್ಟಿಗೆ ಸೀಳಲು ಹೋದರೆ ಮಾತ್ರ ಮಡಚುವ ಅಲಗು ಬೆರಳಿನ ಮೇಲೇ ಮಡಚಿಕೊಂಡೀತು.

ಒಂದೇ ಚಾಕು ಸಾಕೆನ್ನುವವರು ಮಡಚದ, ನಾಲ್ಕಿಂಚಿನ ಅಲಗಿನ, ಉಕ್ಕು ಹಿಡಿಯ ತುದಿಯವರೆಗೂ ಹೋಗಿರುವ ಸಾದಾ ಚಾಕು ಕೊಳ್ಳಲಿ. ಗರಗಸ, ದಿಕ್ಸೂಚಿಗಳ ದುಡ್ಡಿಗೆ ಒಳ್ಳೆಯ ಸಾಣೆಕಲ್ಲು ಬರುತ್ತದೆ.

ಇನ್ನೊಂದು ಮಾತು. ಚಾರಣಿಗರು ಏರುವ ಕುಮಾರಪರ್ವತವಿರುವುದು ಪುಷ್ಪಗಿರಿ ವನ್ಯಜೀವಿಧಾಮದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅನುಮತಿಯಿಲ್ಲದೆ ಆಯುಧ ಹಿಡಿದು ಧಾಮದೊಳಗೆ ಹೋಗುವಂತಿಲ್ಲ. ಆ ಕಾಯ್ದೆ ಹೇಳುವ ಆಯುಧಗಳಲ್ಲಿ ಬಂದೂಕು, ಬಿಲ್ಲುಬಾಣಗಳ ಜೊತೆ ಚಾಕುವೂ ಇದೆ. ಶೂರರು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಚೀಲ ಕಟ್ಟಲಿ.